ಹೆಲಿಕಾಪ್ಟರಿಗೆ ಮಡಲಿನ ಚಪ್ಪರ

ಸರಕಾರಿ ಹೆಲಿಕಾಪ್ಟರಿನ ಮೈಮುಟ್ಟಿ ನೋಡಿ, ಅದಕ್ಕೆ ಜ್ವರ ಇದೆಯೆಂದು ತೀರ್ಮಾನಿಸಿ, ನೆರಳಿಗೆ ಹಾಕಿಸಿದ ನರ್ಸ್ ಈ ಭೂಮಿಯ ಮೇಲೆ ಒಬ್ಬಳೇ ಇರಬೇಕು. ಅವಳು ನನ್ನ ಮಾವ್ಶಿ, ಎಂದರೆ ಅಮ್ಮನ ಅಕ್ಕ. ನೀವು ನಂಬುವುದಿಲ್ಲ, ಗೊತ್ತು. ನಾನಾಗಿದ್ದರೂ ನಂಬುತ್ತಿರಲಿಲ್ಲ. ಕಾಲೇಜು ಮುಗಿಯುವವರೆಗೂ ಚರ್ಚಾಸ್ಪರ್ಧೆಗಳಲ್ಲಿ ಎದುರು ಪಕ್ಷದವರ ಮಾತಿನ ಬುಡ ಅಲ್ಲಾಡಿಸಿಕೊಂಡೇ ಬೆಳೆದವನು ನಾನು. ಸಾಕ್ಷಿಯಿಲ್ಲದ ಮಾತು ಯಾರ ಬಾಯಿಂದ ಬಂದರೂ, ಅದು ಪಾದ್ರಿಗಳ ಬಾಯಿಯಾದರೂ, "ಆಧಾರ ಎಲ್ಲಿ?" ಎಂದು ಕೇಳಿ ಅಮ್ಮನಿಂದ ಬೈಸಿಕೊಂಡವನು. ಆದರೆ ಈ ಪ್ರಕರಣದಲ್ಲಿ ಸಾಕ್ಷಿ ನಾನೇ! ಆ ನೆರಳಿನ ಚಪ್ಪರಕ್ಕೆ ತೆಂಗಿನ ಗರಿಯ ಮಡಲು ಹೊತ್ತು ನನ್ನ ಹೆಗಲಿನ ಚರ್ಮ ಸುಲಿದಿತ್ತು.

ಹೆಲಿಕಾಪ್ಟರಿಗೆ ಬರುವ ಮೊದಲು ಮಾವ್ಶಿಯ ಪರಿಚಯ ಆಗಬೇಕು. ಜೀವನವೆಲ್ಲ ಆಸ್ಪತ್ರೆಯ ವಾರ್ಡುಗಳಲ್ಲಿ ಕಳೆದು ನಿವೃತ್ತಳಾದವಳು. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳಿದವರಿಗೆಲ್ಲ "ಡ್ಯೂಟಿ ಇತ್ತು" ಎನ್ನುತ್ತಾಳೆ. ನಾನು ಅವಳನ್ನು ಏಕವಚನದಲ್ಲಿ ಕರೆಯುವುದಕ್ಕೆ ಯಾರೂ ಮುಖ ಸಿಂಡರಿಸಬೇಕಾಗಿಲ್ಲ. ನಮ್ಮ ಮನೆಮಾತು ಕೊಂಕಣಿ, ಅದರಲ್ಲಿ ಮಾವ್ಶಿಗೆ ಬಹುವಚನ ಕೊಟ್ಟರೆ ಅವಳು ನನ್ನ ಹಣೆ ಮುಟ್ಟಿ ನೋಡಿಯಾಳು. ಅವಳ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ದಾರಿಯಲ್ಲಿ ಖಾರ ಸ್ವಲ್ಪ ಕಡಿಮೆಯಾಗಿದೆ.

ವಾಮಂಜೂರಿನಲ್ಲಿ, ಮುಳಿಹುಲ್ಲು ಬೆಳೆಯುವ ಗುಡ್ಡೆಯೊಂದರ ಬುಡದಲ್ಲಿ ಅವಳ ಮನೆ. ನಿವೃತ್ತಿಯಾಗಿ ರೋಗಿಗಳು ಸಿಗುವುದು ನಿಂತ ಮೇಲೆ ಅವಳು ಮನೆಯ ಸಾಮಾನುಗಳನ್ನೇ ವಾರ್ಡಿಗೆ ಸೇರಿಸಿಕೊಂಡಳು. ನಾನು ಹುಟ್ಟುವ ಮೊದಲಿನ ಮಿಕ್ಸಿ ಅವಳಲ್ಲಿ ಇನ್ನೂ ಓಡುತ್ತದೆ. ಚಟ್ನಿಯ ಮಧ್ಯೆ ಅದಕ್ಕೆ "ರೆಸ್ಟ್" ಉಂಟು, ಆಗ ಅಡುಗೆಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ. ಫ್ರಿಜ್ಜಿನ ಪಕ್ಕೆಗೆ ಅಂಗೈ ಇಟ್ಟು, ಕಣ್ಣುಮುಚ್ಚಿ, ಅದರ ಎದೆಬಡಿತ ಕೇಳುತ್ತಾಳೆ. ಸ್ಕೂಟರ್ ಬಿಟ್ಟುಕೊಂಡು ಕಾವೂರಿನ ನಮ್ಮ ಮನೆಗೆ ಬಂದಳೆಂದರೆ ತನಗೆ ಕುಡಿಯಲು ನೀರು ಕೇಳುವ ಮೊದಲು ಇಂಜಿನಿಗೆ ಒದ್ದೆಬಟ್ಟೆ ಕೇಳುತ್ತಾಳೆ. ಮೊದಲ ಸಲ ಅದನ್ನು ನೋಡಿ ನಾನು ಬೆಪ್ಪಾಗಿ ನಿಂತಿದ್ದೆ.

"ಮಾವ್ಶಿ, ಅದು ಸ್ಕೂಟರ್."

"ಅದನ್ನು ನಾನು ಅಜ್ಜಿ ಅಂತ ಹೇಳಿದೆನಾ? ಬಟ್ಟೆ ತಾ."

ಇಂಥವಳ ಮನೆಯ ಹಿಂದಿನ ಗುಡ್ಡೆಗೆ ಕಳೆದ ಬೇಸಿಗೆಯಲ್ಲಿ ಬೆಂಕಿ ಬಿತ್ತು.

ಮುಳಿಹುಲ್ಲು ಒಣಗಿ ನಿಂತರೆ ಬೆಂಕಿಗೆ ದೊಡ್ಡ ಕಾರಣ ಬೇಡ, ಬೀಡಿಯ ತುಂಡು ಸಾಕು. ಅಗ್ನಿಶಾಮಕ ವಾಹನ ಗಂಟೆ ಬಾರಿಸಿಕೊಂಡು ಬಂತು, ಓಣಿಯ ತಿರುವಿನಲ್ಲಿ ನಿಂತಿತು. ಅದರ ಹೊಟ್ಟೆ ನಮ್ಮ ಓಣಿಗಿಂತ ಅಗಲ. ಸಿಬ್ಬಂದಿ ಪೈಪು ಎಳೆದುಕೊಂಡು ಓಡಿದರು. ಪೈಪು ಮುಗಿಯಿತು, ಗುಡ್ಡೆ ಶುರುವಾಗಲಿಲ್ಲ. ಊರವರು ಹಸಿ ಸೊಪ್ಪಿನ ಗೆಲ್ಲು ಮುರಿದುಕೊಂಡು ಬೆಂಕಿಯನ್ನು ಬಡಿಯುತ್ತಿದ್ದರು. ರಜೆಗೆ ಮಾವ್ಶಿಯ ಮನೆಗೆ ಬಂದಿದ್ದ ನಾನೂ ಒಂದು ಗೆಲ್ಲು ಹಿಡಿದು, ಬೆಂಕಿಗಿಂತ ಹೆಚ್ಚಾಗಿ ನನ್ನ ಮೊಣಕಾಲನ್ನೇ ಬಡಿದುಕೊಳ್ಳುತ್ತಿದ್ದೆ. ಆಗ ಆಕಾಶದಲ್ಲಿ ಯಾರೋ ಹಳೆಯ ಕಬ್ಬಿಣದ ಕಪಾಟನ್ನು ಎಳೆದಾಡುವಂಥ ಸದ್ದು ಕೇಳಿಸಿತು.

ಹೆಲಿಕಾಪ್ಟರ್! ಸರಕಾರದ್ದು. ಯಾವ ಇಲಾಖೆಯದ್ದೆಂದು ಹೇಳುವುದಿಲ್ಲ, ಇಲಾಖೆಗಳಿಗೂ ಮಾನ ಇರುತ್ತದೆ. ಹೊಟ್ಟೆಯ ಕೆಳಗೆ ಹಗ್ಗದಲ್ಲಿ ದೊಡ್ಡ ಕೆಂಪು ಬಕೆಟ್ ತೂಗುತ್ತಿತ್ತು. ಪಾಳುಬಿದ್ದ ಕೆಂಪುಕಲ್ಲಿನ ಕೋರೆಯಲ್ಲಿ ನಿಂತ ನೀರನ್ನು ಎತ್ತಿಕೊಂಡು ಬಂದು ಮೊದಲ ಬಕೆಟನ್ನು ಬೆಂಕಿಯ ನಡುನೆತ್ತಿಗೇ ಹೊಯ್ದರು. ನಾವೆಲ್ಲ ಗೆಲ್ಲು ಬಿಸಾಡಿ ಚಪ್ಪಾಳೆ ತಟ್ಟಿದೆವು. ಎರಡನೆಯ ಬಕೆಟ್ ತರುವಾಗ ಹೆಲಿಕಾಪ್ಟರ್ ಕೆಮ್ಮಿತು. ಉತ್ಪ್ರೇಕ್ಷೆ ಅಲ್ಲ, ನಿಜವಾಗಿ ಕೆಮ್ಮಿತು, ಹಿಂದಿನಿಂದ ಕಪ್ಪು ಹೊಗೆ ಬಂತು, ಬಕೆಟಿನ ನೀರೆಲ್ಲ ಅರ್ಧದಾರಿಯಲ್ಲೇ ಕೆಳಗೆ ಬಿತ್ತು. ಕೆಳಗೆ ಇದ್ದದ್ದು ಪಕ್ಕದ ಮನೆಯ ಶೀನಣ್ಣನ ತಾರಸಿ. ತಾರಸಿಯಲ್ಲಿ ಇದ್ದದ್ದು ಅವರ ಮನೆಯವರೆಲ್ಲ ಸೇರಿ ವಾರವಿಡೀ ತಟ್ಟಿದ ಹಲಸಿನ ಹಪ್ಪಳ.

ಒಂದೂ ಉಳಿಯಲಿಲ್ಲ. ಕೆಲವು ಮರುದಿನ ಮಾವ್ಶಿಯ ಮಾವಿನಮರದಲ್ಲಿ ಸಿಕ್ಕವು.

"ಅಲ್ಲ ಮಾರಾಯ, ಬೆಂಕಿ ಅಲ್ಲಿ, ನನ್ನ ಹಪ್ಪಳ ಇಲ್ಲಿ. ಇವರಿಗೆ ಕಣ್ಣು ಎಲ್ಲಿ ಉಂಟು?" ಎಂದು ಶೀನಣ್ಣ ನನ್ನನ್ನು ಕೇಳಿದರು.

"ಶೀನಣ್ಣ, ಅವರು ತೂಕ ಇಳಿಸಿದ್ದು. ಇಲ್ಲದಿದ್ದರೆ ಹೆಲಿಕಾಪ್ಟರೇ ಹಪ್ಪಳದ ಮೇಲೆ ಬೀಳ್ತಿತ್ತು."

"ಬಿದ್ದಿದ್ದರೆ ಪೇಪರಿನಲ್ಲಾದರೂ ಬರ್ತಿತ್ತು," ಎಂದರು. ಹಪ್ಪಳ ಕಳೆದುಕೊಂಡ ಮನುಷ್ಯನ ಜತೆ ವಾದ ಸಲ್ಲದು.

ಹೆಲಿಕಾಪ್ಟರ್ ಹೇಗೋ ತಡಕಾಡಿಕೊಂಡು ಹೋಗಿ ಶಾಲೆಯ ಮೈದಾನದಲ್ಲಿ ಕೂತಿತು. ಉಳಿದ ಬೆಂಕಿಯನ್ನು ಊರವರೇ ಸೊಪ್ಪಿನಿಂದ ಬಡಿದು ಆರಿಸಿದರು. ಹೆಲಿಕಾಪ್ಟರ್ ಮಾತ್ರ ಮತ್ತೆ ಏಳಲಿಲ್ಲ. ಅದರ ಒಳಗಿನ ಯಾವುದೋ ಬಿಡಿಭಾಗ ಎಲ್ಲಿಂದಲೋ ಬರಬೇಕಂತೆ. ಅದನ್ನು ತಯಾರಿಸುವುದನ್ನೇ ನಿಲ್ಲಿಸಿ ಕಾಲವಾಗಿದೆಯಂತೆ. ಇನ್ನೊಂದು ಹಳೆಯ ಹೆಲಿಕಾಪ್ಟರಿನಿಂದ ಬಿಚ್ಚಿ ಕಳುಹಿಸುತ್ತಾರಂತೆ. ಪೈಲಟ್ ವಿಜಯಪುರದ ಕಡೆಯವರು, ತಲೆಕೂದಲು ಪೂರ್ತಿ ಬೆಳ್ಳಗಾದ ಕ್ಯಾಪ್ಟನ್. ಜತೆಗೆ ಒಬ್ಬ ಮೆಕ್ಯಾನಿಕ್. ಕಾವಲಿಗೆ ಒಬ್ಬ ಪೊಲೀಸ್. ಮೂವರೂ ಏಪ್ರಿಲಿನ ಬಿಸಿಲಿನಲ್ಲಿ ಹಪ್ಪಳಗಳ ಹಾಗೆಯೇ ಒಣಗುತ್ತಿದ್ದರು.

ಮರುದಿನ ಮಧ್ಯಾಹ್ನ ಮಾವ್ಶಿ ಕೊಡೆ ಹಿಡಿದು ಮೈದಾನಕ್ಕೆ ಬಂದಳು. ಪೊಲೀಸ್ ತಡೆಯಲು ಕೈಯೆತ್ತಿದ. ಅವಳು ಆ ಕೈಗೆ ಕೊಡೆ ಕೊಟ್ಟು ಮುಂದೆ ನಡೆದಳು. ಹೆಲಿಕಾಪ್ಟರಿನ ಪಕ್ಕೆಗೆ ಅಂಗೈ ಇಟ್ಟಳು. ತೆಗೆದಳು. ಕೈಯ ಹಿಂಭಾಗವನ್ನು ಇಟ್ಟಳು.

"ಜ್ವರ ಉಂಟು."

ಕ್ಯಾಪ್ಟನ್ ಎದ್ದು ನಿಂತರು. "ಏನಂದ್ರಿ?"

"ಮೈ ಸುಡ್ತಾ ಉಂಟು. ಇದನ್ನು ಹೀಗೆ ಬಿಸಿಲಲ್ಲಿ ಮಲಗಿಸಿದ್ದು ಯಾರು?"

"ಅಮ್ಮಾರ, ಇದು ಹೆಲಿಕಾಪ್ಟರ್ ಅದ."

"ನನಗೆ ಕಣ್ಣು ಕಾಣ್ತದೆ. ವಯಸ್ಸೆಷ್ಟು?"

"ನಂದೇನ್ರಿ?"

"ನಿಮ್ಮದು ಮುಖ ನೋಡಿದರೆ ಗೊತ್ತಾಗ್ತದೆ. ಇದರದ್ದು ಹೇಳಿ."

ಕ್ಯಾಪ್ಟನ್ ಯಂತ್ರವನ್ನು ಒಮ್ಮೆ ನೋಡಿ, ಮನೆಯವರ ಗುಟ್ಟು ಹೇಳುವ ಹಾಗೆ ದನಿ ತಗ್ಗಿಸಿದರು. "ನಾ ಸರ್ವೀಸಿಗೆ ಸೇರಿದಾಗ ಇದು ಆಗ್ಲೇ ಹಳೇದಿತ್ತರೀ."

ಮಾವ್ಶಿ ತಿರುಗಿ ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತು. ವಾರ್ಡಿನಲ್ಲಿ ಅದರ ಅರ್ಥ "ಓಡು" ಎಂದು. ಆದರೂ ತಾರ್ಕಿಕನಾದವನು ಪ್ರತಿಭಟಿಸದೆ ಓಡಬಾರದು.

"ಮಾವ್ಶಿ, ಅದು ಲೋಹ. ಲೋಹಕ್ಕೆ ಜ್ವರ ಬರುವುದಿಲ್ಲ."

"ಥರ್ಮಾಮೀಟರಿನ ಪಾದರಸ ಎಂತದ್ದು, ಅಕ್ಕಿಹಿಟ್ಟಾ? ಅದಕ್ಕೆ ಜ್ವರ ಗೊತ್ತಾಗ್ತದಲ್ಲ. ಹೋಗು, ಶೀನಣ್ಣನಲ್ಲಿ ಮಡಲು ಕೇಳು."

ಈ ವಾದದ ದೋಷ ಎಲ್ಲಿದೆ ಎಂದು ಹುಡುಕುತ್ತ ಹುಡುಕುತ್ತ ನಾನು ಶೀನಣ್ಣನ ಅಂಗಳ ಮುಟ್ಟಿದ್ದೆ.

ನಮ್ಮ ಕರಾವಳಿಯವರ ಒಂದು ಸ್ವಭಾವವನ್ನು ಇಲ್ಲಿ ಹೇಳಬೇಕು. ಬಿಸಿಲಾಗಲಿ ಮಳೆಯಾಗಲಿ, ಹೊರಗೆ ಉಳಿದ ಯಾವುದನ್ನು ಕಂಡರೂ ನಮ್ಮ ಕೈ ತೆಂಗಿನ ಮಡಲಿನತ್ತ ಹೋಗುತ್ತದೆ. ಬಾವಿಕಟ್ಟೆ, ಸೌದೆ ರಾಶಿ, ಮಣ್ಣಿನ ಗೋಡೆ, ಹಬ್ಬದ ಊಟದ ಪಂಕ್ತಿ, ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸಿನ ಜಾಗ, ಎಲ್ಲಕ್ಕೂ ಮಡಲನ್ನು ಸೀಳಿ, ನೀರಲ್ಲಿ ನೆನೆಸಿ, ಚಾಪೆಯ ಹಾಗೆ ಹೆಣೆದ ತಟ್ಟಿಯೇ ಮರೆ. ಎಲ್ಲಿಯವರೇ ಆಗಲಿ, ಕೆಟ್ಟುನಿಂತ ಹೆಲಿಕಾಪ್ಟರ್ ಕಂಡರೆ ಫೋಟೋ ತೆಗೆದಾರು. ಚಪ್ಪರ ಹಾಕುವುದು ನಾವು ಮಾತ್ರ.

ಶೀನಣ್ಣ ಮಳೆಗಾಲಕ್ಕೆಂದು ಮಡಲು ನೆನೆಹಾಕಿದ್ದರು. ವಿಷಯ ಕೇಳಿ ಕೆಂಪಾದರು.

"ನನ್ನ ಹಪ್ಪಳ ನೀರುಪಾಲು ಮಾಡಿದ್ದಕ್ಕೆ ನಾನೇ ಚಪ್ಪರ ಹಾಕಿ ಮರ್ಯಾದೆ ಮಾಡಬೇಕಾ?"

"ನಾನೂ ಅದನ್ನೇ ಹೇಳಿದೆ ಶೀನಣ್ಣ. ಬೇಡ ಬಿಡಿ, ಕೊಡಬೇಡಿ."

"ಕೊಡಬೇಡಿ ಅಂತ ಹೇಳ್ಲಿಕ್ಕೆ ನೀನು ಯಾರು?" ಎಂದು ನನ್ನ ಮೇಲೇ ಹಾಯ್ದರು. ಮಾವ್ಶಿಯನ್ನು ಅವರು ಕರೆಯುವುದು ಬಾಯಮ್ಮ ಎಂದು. "ಬಾಯಮ್ಮ ಕೇಳಿದ್ದಲ್ಲವಾ? ಬಿದಿರೂ ತಗೊಂಡು ಹೋಗು. ಮಡಲು ಎಂತ, ಆಕಾಶದಲ್ಲಿ ನಿಲ್ತದಾ?" ಕೊನೆಗೆ ಹಗ್ಗ ಹೆಗಲಿಗೆ ಹಾಕಿಕೊಂಡು ಅವರೇ ಬಂದರು. ನಮ್ಮಲ್ಲಿ ಚಪ್ಪರದ ಕೆಲಸವನ್ನು ಇನ್ನೊಬ್ಬರ ಕೈಗೆ ಬಿಟ್ಟು ಮನೆಯಲ್ಲಿ ಕೂರುವ ಗಂಡಸಿಲ್ಲ.

ನಾನೂ ಒಂದು ತಟ್ಟಿ ಹೆಣೆದೆ. ಮಾವ್ಶಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಇದರಲ್ಲಿ ಬಿಸಿಲು ಮಾತ್ರ ಅಲ್ಲ, ಕೋಳಿಯೂ ತೂರಿ ಬರ್ತದೆ," ಎಂದು ಪೂರ್ತಿ ಬಿಚ್ಚಿ, ಮೊದಲಿಂದ ತಾನೇ ಹೆಣೆದಳು. ವಾರ್ಡಿನಲ್ಲಿ ಕಿರಿಯ ನರ್ಸುಗಳು ಹಾಸಿದ ಹಾಸಿಗೆಯನ್ನೂ ಹೀಗೆಯೇ ಕಿತ್ತು ಮತ್ತೆ ಹಾಸುತ್ತಿದ್ದಳಂತೆ. ಇನ್ನೊಬ್ಬರ ಕೈಕೆಲಸ ಅವಳ ಪರೀಕ್ಷೆಯಲ್ಲಿ ಪಾಸಾದದ್ದನ್ನು ನಾನು ಕಂಡಿರಲಿಲ್ಲ.

ಸಂಜೆಯ ಹೊತ್ತಿಗೆ ಚಪ್ಪರ ಎದ್ದಿತು. ಎತ್ತರದ ಬಿದಿರಿನ ಕಂಬ, ಮೇಲೆ ತಟ್ಟಿ, ಒಂದು ಬದಿಯಿಂದ ಬಾಲ ಹೊರಗೆ. ದೂರದಿಂದ ನೋಡಿದರೆ ಮದುವೆಮನೆಯ ಚಪ್ಪರದಲ್ಲಿ ತಿಮಿಂಗಿಲ ಊಟಕ್ಕೆ ಕೂತ ಹಾಗೆ ಕಾಣುತ್ತಿತ್ತು. ಚಪ್ಪರ ಹಾಕಿದ ಮೇಲೆ ಕಾಯಿ ಒಡೆಯದಿದ್ದರೆ ಹೇಗೆ ಎಂದು ಶೀನಣ್ಣ ಕಾಯಿ ಒಡೆದರು. ಹಾಗಾದರೆ ಇದೂ ಇರಲಿ ಎಂದು ಮಾವ್ಶಿ ಇಗರ್ಜಿಯ ತೀರ್ಥದ ನೀರನ್ನು ಚಿಮುಕಿಸಿದಳು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಇಪ್ಪತ್ತೊಂದನೆಯ ಶತಮಾನದ ಯಂತ್ರಕ್ಕೆ ಈ ಗತಿಯೇ? ಆಮೇಲೆ ನೆನಪಾಯಿತು, ಅದು ಇಪ್ಪತ್ತನೆಯ ಶತಮಾನದ್ದು. ತಕರಾರು ಇದ್ದದ್ದೇ ಅಲ್ಲಿ!

ಕ್ಯಾಪ್ಟನ್ ತಲೆಯ ಮೇಲೆ ಕೈಹೊತ್ತು ಕೂತಿದ್ದರು. "ಮ್ಯಾಲಿನವ್ರು ಬಂದ್ರ ನಾ ಏನ್ ಹೇಳ್ಲಿ ಅಮ್ಮಾರ?"

"ವಾರ್ಡ್ ಸಿಸ್ಟರ್ ಹೇಳಿದ್ರು ಅಂತ ಹೇಳಿ. ಮುಂದಿನದ್ದು ನನಗೆ ಬಿಡಿ."

ನೆರಳಿಗೆ ಮೊದಲು ನುಗ್ಗಿದವನು ಪೊಲೀಸ್. ಮರುದಿನದಿಂದ ಮೆಕ್ಯಾನಿಕ್ ನಡುಮಧ್ಯಾಹ್ನವೂ ಕೈ ಸುಟ್ಟುಕೊಳ್ಳದೆ ಕೆಲಸ ಮಾಡಿದ. "ಜ್ವರ ಇಳಿದಿದೆ," ಎಂದು ಮಾವ್ಶಿ ದಿನವೂ ಬಂದು ಮುಟ್ಟಿ ನೋಡಿ ಹೇಳುತ್ತಿದ್ದಳು. ನೆರಳಿನಲ್ಲಿಟ್ಟ ಲೋಹ ತಂಪಾಗುವುದು ಭೌತಶಾಸ್ತ್ರ ಎಂದು ನಾನು ವಿವರಿಸಿದೆ. "ಹೌದು, ಅದೂ ಸಹಾಯ ಮಾಡಿರಬಹುದು," ಎಂದಳು.

ಊಟದ ವ್ಯವಸ್ಥೆಯೂ ಮಾವ್ಶಿಯದ್ದೇ. ಮೊದಲ ದಿನ ಸಣ್ಣದ ಜತೆಗೆ ಬಂಗುಡೆ ಮೀನಿನ ಸಾರು ಮಾಡಿ ಕರೆದಳು. ಸಣ್ಣ ಎಂದರೆ ಇಡ್ಲಿಯ ಅಣ್ಣ, ಶೇಂದಿ ಹಾಕಿ ಉಬ್ಬಿಸಿದ್ದು. ಕ್ಯಾಪ್ಟನ್ ಬಟ್ಟಲನ್ನು ನೋಡಿ ಕೈಮುಗಿದರು. "ಅಮ್ಮಾರ, ನಾವು ಇದೆಲ್ಲ ತಿನ್ನಂಗಿಲ್ಲ."

ಮಾವ್ಶಿಗೆ ಅಂಥ ಆಘಾತ ಹೆಲಿಕಾಪ್ಟರ್ ಬಿದ್ದಿದ್ದರೂ ಆಗುತ್ತಿರಲಿಲ್ಲ. ಮೀನೂ ಇಲ್ಲದ ಊಟವೆಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ: ಗುಡ್ ಫ್ರೈಡೆಯ ಉಪವಾಸದ ಊಟ. ಗಂಜಿ, ಹೆಸರುಕಾಳಿನ ಪಲ್ಯ, ಮಾವಿನಮಿಡಿ. ಅದನ್ನೇ ಮಾಡಿ ಬಡಿಸಿದಳು. ಕ್ಯಾಪ್ಟನ್ ಎರಡು ಸಲ ಹಾಕಿಸಿಕೊಂಡರು. ಅಂದಿನಿಂದ ಆ ಮನೆಯಲ್ಲಿ ದಿನವೂ ಗುಡ್ ಫ್ರೈಡೆ. ಈಸ್ಟರ್ ಕಳೆದ ಮೇಲೂ ನಾನು ಗಂಜಿ ತಿಂದೆ. ಧರ್ಮದ ಇತಿಹಾಸದಲ್ಲಿ ಹೀಗಾದದ್ದು ಇದೇ ಮೊದಲು.

ಒಂದು ಮಧ್ಯಾಹ್ನ ಬಡಿಸುತ್ತ ಮಾವ್ಶಿ ಕೇಳಿದಳು. "ಬೆಂಕಿಯ ಮೇಲೆ ಹೋಗುವಾಗ ಹೆದರಿಕೆ ಆಗುವುದಿಲ್ಲವಾ?"

"ಬೆಂಕಿ ಕಂಡ್ರ ಅಂಜಿಕಿಲ್ಲರೀ. ಅದು ಎಲ್ಲಿ ಅದ ಅಂತ ಕಾಣ್ತದ." ಕ್ಯಾಪ್ಟನ್ ಮಿಡಿಯನ್ನು ಚೀಪಿ ಎಲೆಯ ಬದಿಗಿಟ್ಟರು. "ಸ್ಟಾರ್ಟ್ ಮಾಡೂವಾಗ ಅಂಜಿಕಿ. ಎದ್ದ ಮ್ಯಾಲೆ, ಎಲ್ಲಿ ಕೆಮ್ಮತದೋ ಅಂತ ಅಂಜಿಕಿ. ಬದಲಿ ಕೊಡ್ತೀವಿ ಅಂತ ಪ್ರತಿ ವರ್ಷ ಅಂತಾರ. ರೊಕ್ಕ ಮಂಜೂರಾಗಂಗಿಲ್ಲ. ಬ್ಯಾಸಗಿ ಮಾತ್ರ ಟೈಮಿಗೆ ಬರ್ತದ."

ಮಾವ್ಶಿಯ ಸೌಟು ಗಂಜಿಯ ಮೇಲೆಯೇ ನಿಂತಿತು.

"ಮುಂದಿನ ಬೇಸಿಗೆಗೆ ನೀವು ಇದರಲ್ಲಿ ಕೂರುವುದು ಬೇಡ," ಎಂದಳು, ರೋಗಿಗೆ ಪಥ್ಯ ಹೇಳುವ ದನಿಯಲ್ಲಿ. "ಹೊಸತು ನಾನು ಕೇಳ್ತೇನೆ."

ಕ್ಯಾಪ್ಟನ್ ನಕ್ಕರು. ಮಾವ್ಶಿ ನಗಲಿಲ್ಲ. ನನಗೆ ದಿಗಿಲಾಯಿತು, ಯಾಕೆಂದರೆ ಅವಳು ಕೇಳುತ್ತೇನೆ ಎಂದರೆ ಕೇಳುತ್ತಾಳೆ.

ಬಿಡಿಭಾಗ ಬಂತು. ಹೊರಡುವ ದಿನ ಕ್ಯಾಪ್ಟನ್ ಚಪ್ಪರ ಬಿಚ್ಚಲು ಹೇಳಿದರು, ನಾವು ಬಿಚ್ಚಿದೆವು. ಬಿಚ್ಚಿದ ತಟ್ಟಿಗಳನ್ನು ಎಲ್ಲಿಡಬೇಕೆಂದು ಮಾತ್ರ ಯಾರೂ ಯೋಚಿಸಲಿಲ್ಲ. ಅಚ್ಚುಕಟ್ಟಾಗಿ ಅಲ್ಲೇ ಪಕ್ಕದಲ್ಲಿ ರಾಶಿ ಹಾಕಿದೆವು. ರೆಕ್ಕೆ ತಿರುಗತೊಡಗಿದ್ದೇ ತಡ, ವಾಮಂಜೂರಿನ ಆಕಾಶದ ತುಂಬ ತಟ್ಟಿಗಳು! ಒಂದು ಹೆಡ್ ಮಾಸ್ತರರ ಸ್ಕೂಟರಿನ ಮೇಲೆ, ಒಂದು ಶೀನಣ್ಣನ ಬಾವಿಯೊಳಗೆ. ನೆಲದಲ್ಲಿ ಬೋರಲಾಗಿ ಮಲಗಿದ್ದ ಶೀನಣ್ಣ ತಲೆಯೆತ್ತಿ, "ಇದು ಬರುವಾಗಲೂ ನನಗೇ, ಹೋಗುವಾಗಲೂ ನನಗೇ," ಎಂದರು. ಮಾವ್ಶಿ ಮಾತ್ರ ಸೆರಗು ಹಿಡಿದುಕೊಂಡು ನೆಟ್ಟಗೆ ನಿಂತು, ಸದ್ದು ಪೂರ್ತಿ ಅಡಗುವವರೆಗೆ ಕಿವಿಗೊಟ್ಟಿದ್ದಳು.

ಆಮೇಲೆ ಶುರುವಾಯಿತು ಅಭಿಯಾನ. ಬಜೆಟಿಗೆ ಮೊದಲು ಜನರ ಸಲಹೆ ಕೇಳುವ ಸಭೆಯೊಂದು ಊರಲ್ಲಿ ನಡೆಯುತ್ತದೆ ಎಂದು ಗೊತ್ತಾದದ್ದೇ ಮಾವ್ಶಿ ನನ್ನನ್ನು ಕರೆಸಿದಳು. "ನೀನು ಎದುರು ಪಕ್ಷ. ನನ್ನನ್ನು ಸೋಲಿಸು. ಎಲ್ಲಿ ಸೋಲ್ತೇನೆ ಅಂತ ನೋಡ್ತೇನೆ."

ಇಂಥ ಆಹ್ವಾನ ಬಂದರೆ ನನ್ನಂಥವನು ಬಿಟ್ಟಾನೆಯೇ? ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅವಳನ್ನು ನುಚ್ಚುನೂರು ಮಾಡಿದೆ. ಗುಡ್ಡೆ ಉರಿಯುವುದು ಬೇಸಿಗೆಯಲ್ಲಿ ಮಾತ್ರ, ಹೆಲಿಕಾಪ್ಟರ್ ಹಣ ತಿನ್ನುವುದು ವರ್ಷವಿಡೀ. ಅದೇ ಹಣದಲ್ಲಿ ಎಷ್ಟೋ ಓಣಿಗಳನ್ನು ಅಗಲ ಮಾಡಿದರೆ ಬೆಂಕಿಯ ವಾಹನವೇ ಗುಡ್ಡೆಯ ಬುಡಕ್ಕೆ ಬರುತ್ತದೆ. ಬೇಸಿಗೆಗೆ ಮೊದಲೇ ಹುಲ್ಲು ಸವರಿ ಬೆಂಕಿ ದಾಟದ ಹಾಗೆ ಪಟ್ಟಿ ಬಿಟ್ಟರೆ ಅರ್ಧ ಬೆಂಕಿ ಹುಟ್ಟುವುದೇ ಇಲ್ಲ. ಬೇಕೇ ಬೇಕಾದರೆ ಬಾಡಿಗೆಗೆ ತರಿಸಬಹುದು. ಮಾವ್ಶಿ ಒಂದಕ್ಕೂ ಉತ್ತರ ಕೊಡದೆ ಮಿಕ್ಸಿಯಲ್ಲಿ ಚಟ್ನಿ ತಿರುಗಿಸುತ್ತಿದ್ದಳು. ಆ ಮಿಕ್ಸಿಯನ್ನು ನೋಡಿದ್ದೇ ನನಗೆ ಕೊನೆಯ ಅಸ್ತ್ರ ಸಿಕ್ಕಿತು.

"ಮಾವ್ಶಿ, ಈ ಮಿಕ್ಸಿ ನನಗಿಂತ ಹಳತು. ಹಳತನ್ನು ಆರೈಕೆ ಮಾಡಿದರೆ ಓಡ್ತದೆ ಅಂತ ದಿನಾ ಹೇಳುವವಳು ನೀನು. ಮಿಕ್ಸಿಗೆ ಒಂದು ನ್ಯಾಯ, ಹೆಲಿಕಾಪ್ಟರಿಗೆ ಒಂದು ನ್ಯಾಯವಾ?"

ಸ್ಪರ್ಧೆಯಾಗಿದ್ದರೆ ಇಲ್ಲಿಗೆ ಚಪ್ಪಾಳೆ ಬಿದ್ದು, ತೀರ್ಪುಗಾರರು ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಮಾವ್ಶಿ ಮಿಕ್ಸಿ ನಿಲ್ಲಿಸಿದಳು.

"ಮಿಕ್ಸಿಯ ಒಳಗೆ ಯಾರೂ ಕೂತಿರುವುದಿಲ್ಲ ಪುತಾ."

ಮತ್ತೆ ಸ್ವಿಚ್ ಹಾಕಿದಳು. ನಾನು ಪ್ರತ್ಯುತ್ತರ ಹುಡುಕಿದೆ. ಸಿಕ್ಕಿದ್ದರೂ ಆ ಸದ್ದಿಗೆ ಕೇಳಿಸುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸಭೆಯ ದಿನ ಮಾವ್ಶಿಯ ಜತೆ ನಾನೂ ಶೀನಣ್ಣನೂ ಹೋದೆವು. ಶೀನಣ್ಣನಿಗೆ ಹಪ್ಪಳದ ಪರಿಹಾರ ಕೇಳುವುದಿತ್ತು. ಒಬ್ಬರು ದಾರಿದೀಪ ಕೇಳಿದರು, ಒಬ್ಬರು ನಾಯಿಗಳ ವಿರುದ್ಧ ಮಾತಾಡಿದರು. ಕುದ್ರೋಳಿಯ ವ್ಯಾಪಾರಿಯೊಬ್ಬರು ಚರಂಡಿ ಕೇಳಿದರು. ಮಳೆ ಬಂದರೆ ಗಿರಾಕಿಗಿಂತ ಮೊದಲು ನೀರು ಅಂಗಡಿಯೊಳಗೆ ಬರುತ್ತದಂತೆ. ಆಮೇಲೆ ಮೈಕು ಮಾವ್ಶಿಯ ಕೈಗೆ ಬಂತು.

"ನನಗೆ ಒಂದು ಹೆಲಿಕಾಪ್ಟರ್ ಬೇಕು."

ವೇದಿಕೆಯಲ್ಲಿದ್ದ ಅಧಿಕಾರಿ ಕನ್ನಡಕ ತೆಗೆದು ಒರೆಸಿದರು, ಕೇಳಿಸಿದ್ದಕ್ಕೂ ಕನ್ನಡಕಕ್ಕೂ ಸಂಬಂಧ ಇರುವ ಹಾಗೆ.

"ಎಂತ ಬೇಕು ಅಮ್ಮ?"

"ಬೆಂಕಿ ಆರಿಸುವ ಹೆಲಿಕಾಪ್ಟರ್. ಈಗ ಇರುವುದು ಮುದಿಯಾಗಿದೆ. ಕೆಮ್ಮುತ್ತದೆ. ಬದಲಿ ಕೊಡಬೇಕು."

"ಅಮ್ಮ, ಹೆಲಿಕಾಪ್ಟರೆಲ್ಲ ನಮ್ಮ ವ್ಯಾಪ್ತಿಗೆ ಬರುವುದಿಲ್ಲ."

"ಬಂದಿತ್ತು. ನಮ್ಮ ಶಾಲೆಯ ಮೈದಾನದಲ್ಲೇ ಇತ್ತು."

ನಗು ಎದ್ದಿತು. ಕುದ್ರೋಳಿಯ ವ್ಯಾಪಾರಿ ಎದ್ದು ನಿಂತರು. ಅವರಿಗೆ ನಗು ಬಂದಿರಲಿಲ್ಲ. "ಅಲ್ಲ ಅಮ್ಮ, ನಮ್ಮ ಚರಂಡಿಗೆ ಹಣ ಇಲ್ಲ ಅಂತ ಹೇಳ್ತಾರೆ. ನಿಮಗೆ ಹೆಲಿಕಾಪ್ಟರಾ?"

ಅದು ನನ್ನದೇ ವಾದ! ನನಗರಿವಿಲ್ಲದೆ ತಲೆಯಾಡಿಸಿಬಿಟ್ಟೆ.

"ನಿಮ್ಮ ಚರಂಡಿಯೂ ಆಗಬೇಕು," ಎಂದಳು ಮಾವ್ಶಿ. "ನೀರು ಬಂದರೆ ನೀವು ಅಂಗಡಿ ಬಿಟ್ಟು ಹೊರಗೆ ಓಡ್ತೀರಿ. ಮೇಲೆ ಕೆಟ್ಟುಹೋದರೆ ಅವರು ಎಲ್ಲಿಗೆ ಓಡುವುದು?"

ವ್ಯಾಪಾರಿ "ಅದು ಹೌದು," ಎಂದು ಕೂತರು.

ಅಧಿಕಾರಿ ಗಡಿಯಾರ ನೋಡಿದರು. ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಮಾವ್ಶಿ ಮೈಕನ್ನು ನನ್ನ ಕಡೆ ಚಾಚಿದಳು. "ಇದಕ್ಕೆ ವಿರೋಧವೂ ಉಂಟು. ನಾನೇ ಕರಕೊಂಡು ಬಂದಿದ್ದೇನೆ. ಇವನದ್ದೂ ಕೇಳಿ."

ತನ್ನ ಎದುರು ಪಕ್ಷವನ್ನು ತಾನೇ ಬಸ್ ಚಾರ್ಜ್ ಕೊಟ್ಟು ತರುವವರನ್ನು ಯಾವ ಚರ್ಚಾಸ್ಪರ್ಧೆಯಲ್ಲಿಯೂ ನಾನು ಕಂಡಿಲ್ಲ. ಎದ್ದೆ. ಓಣಿ ಅಗಲ ಮಾಡಿ ಎಂದೆ, ಹುಲ್ಲು ಸವರಿ ಎಂದೆ, ಬಾಡಿಗೆ ಎಂದೆ. ಚಪ್ಪಾಳೆ ಬಿತ್ತು. ಕೂರಬೇಕಿತ್ತು, ಕೂರಲಾಗಲಿಲ್ಲ. ಕ್ಯಾಪ್ಟನ್ ಚೀಪಿ ಎಲೆಯ ಬದಿಗಿಟ್ಟ ಮಾವಿನಮಿಡಿ ಯಾಕೋ ಕಣ್ಣೆದುರಿಗೆ ಬಂತು. "ಆದರೆ ಹೊಸತಕ್ಕೆ ಹಣ ಇಲ್ಲದಿದ್ದರೆ ಹಳತನ್ನು ಹಾರಿಸುವುದನ್ನು ನಿಲ್ಲಿಸಿ," ಎಂದೆ. "ಎರಡರಲ್ಲಿ ಒಂದು ಮಾಡಿ. ಹಣವನ್ನೂ ಕೊಡದೆ, ಮನುಷ್ಯರನ್ನೂ ಅದರಲ್ಲಿ ಕೂರಿಸುವುದು ಉಳಿತಾಯ ಅಲ್ಲ." ಈ ವಾಕ್ಯವನ್ನು ನಾನು ಸಿದ್ಧಪಡಿಸಿಕೊಂಡು ಬಂದಿರಲಿಲ್ಲ. ಇದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಶೀನಣ್ಣನ ಸರದಿ ಬಂತು. ಚೀಟಿ ಬಿಚ್ಚಿದರು, ಮಡಚಿದರು. "ನನ್ನದು ಒಂದು ಹಪ್ಪಳದ ವಿಷಯ ಇತ್ತು. ಅದು ಇರಲಿ. ಬಾಯಮ್ಮ ಹೇಳಿದ್ದನ್ನು ಮೊದಲು ಬರಕೊಳ್ಳಿ," ಎಂದು ಕೂತುಬಿಟ್ಟರು. ಇಡೀ ಪ್ರಸಂಗದಲ್ಲಿ ನನಗೆ ಅತಿ ದೊಡ್ಡ ಆಘಾತ ಇದೇ.

ಅಧಿಕಾರಿ ಬರೆದುಕೊಂಡರು. ಸಂಬಂಧಪಟ್ಟವರಿಗೆ ಕಳುಹಿಸುತ್ತೇವೆ ಎಂದರು. ಕಳುಹಿಸಿರಲೂಬಹುದು. ಬಜೆಟ್ ಬಂದ ದಿನ ಮಾವ್ಶಿ ಟಿವಿಯ ಮುಂದೆ ಬೆಳಿಗ್ಗೆಯಿಂದ ಕೂತಿದ್ದಳು. ಹೆಲಿಕಾಪ್ಟರಿನ ಸುದ್ದಿ ಇರಲಿಲ್ಲ. "ಓದುವಾಗ ಬಿಟ್ಟುಹೋಗಿರಬಹುದು, ಉದ್ದ ಉಂಟಲ್ಲ," ಎಂದಳು. ನಾನು ತಿದ್ದಲು ಹೋಗಲಿಲ್ಲ.

ಈ ಬೇಸಿಗೆ ಬಂತು, ಟೈಮಿಗೆ ಸರಿಯಾಗಿ.

ಮೊನ್ನೆ ನಾನು ಮಾವ್ಶಿಯ ಮನೆಯಲ್ಲಿ ಚಹಾ ಕುಡಿದು, ಪೇಪರ್ ಪೂರ್ತಿ ಓದಿ ಮುಗಿಸಿದ್ದೆ. ಗುಡ್ಡೆಯ ಆಚೆ ಹೊಗೆ ಕಾಣಿಸಿಕೊಂಡಿತ್ತು. ಆಗ ಕೇಳಿಸಿತು, ಕಬ್ಬಿಣದ ಕಪಾಟು ಎಳೆದಾಡುವ ಅದೇ ಸದ್ದು. ಹೊಸದರ ಸದ್ದು ಹೀಗಿರುವುದಿಲ್ಲ ಎಂದು ತಿಳಿಯಲು ನನಗೆ ಆಧಾರ ಬೇಕಾಗಲಿಲ್ಲ. ಅಂಗಳಕ್ಕೆ ಓಡಿದೆ. ಮಾವ್ಶಿ ಮೊದಲೇ ಅಲ್ಲಿದ್ದಳು. ಬಕೆಟ್ ತೂಗಿಸಿಕೊಂಡು ಅದು ನಮ್ಮ ತಲೆಯ ಮೇಲೆ ಹಾದು ಗುಡ್ಡೆಯ ಹಿಂದೆ ಇಳಿಯಿತು. ಸದ್ದು ಸಣ್ಣದಾಯಿತು. ಒಮ್ಮೆ ಕೆಮ್ಮಿತು. ಆಮೇಲೆ ಏನೂ ಕೇಳಿಸಲಿಲ್ಲ.

ಮಾವ್ಶಿ ನನ್ನ ಕೈ ಹಿಡಿದುಕೊಂಡಳು. ಧೈರ್ಯಕ್ಕೆ ಹಿಡಿದಳೆಂದುಕೊಂಡೆ. ನೋಡಿದರೆ ಅವಳ ಬೆರಳುಗಳು ನನ್ನ ಮಣಿಕಟ್ಟಿನ ನಾಡಿಯ ಮೇಲಿದ್ದವು.

"ನಿನ್ನದು ಜೋರಾಗಿ ಓಡ್ತಾ ಉಂಟು."

"ಬಸ್ ಸ್ಟಾಪಿನಿಂದ ನಡೆದು ಬಂದದ್ದಕ್ಕೆ."

"ನೀನು ಬಂದು ಎಷ್ಟು ಹೊತ್ತಾಯಿತು?"

ಅಷ್ಟರಲ್ಲಿ ಗುಡ್ಡೆಯ ಹಿಂದಿನಿಂದ ಆ ದರಿದ್ರ ಸದ್ದು ಮತ್ತೆ ಎದ್ದು ಬಂತು. ಅಷ್ಟು ಇಂಪಾದದ್ದನ್ನು ನಾನು ಕೇಳಿದ್ದಿಲ್ಲ. ಹೆಲಿಕಾಪ್ಟರ್ ಖಾಲಿ ಬಕೆಟ್ ತೂಗಿಸಿಕೊಂಡು ಕೋರೆಯ ಕಡೆ ಹೋಯಿತು. ಮಾವ್ಶಿ ನನ್ನ ಕೈ ಬಿಟ್ಟು ಸೌದೆಕೊಟ್ಟಿಗೆಗೆ ನಡೆದಳು. ಹಿಂದೆ ಹೋದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನೆಲದಿಂದ ಮಾಡಿನವರೆಗೆ, ಒಂದರ ಮೇಲೊಂದು, ಹೆಣೆದಿಟ್ಟ ತಟ್ಟಿಗಳು. ಮಳೆ ನಿಂತಾಗಿನಿಂದ ಹೆಣೆಯುತ್ತಿದ್ದಿರಬೇಕು.

"ಮಾವ್ಶಿ, ಇದೆಲ್ಲ ಯಾಕೆ?"

"ಹೊಸತು ಬರುವವರೆಗೆ ಹಳತಿಗೆ ನೆರಳು ಬೇಡವಾ?"

"ಅದು ಇಲ್ಲೇ ಇಳೀತದೆ ಅಂತ ಎಂತ ಗ್ಯಾರಂಟಿ? ಎಲ್ಲೆಲ್ಲೋ ಬೆಂಕಿ ಬೀಳ್ತದೆ. ಎಲ್ಲಿ ಬೇಕಾದರೂ ಕೆಟ್ಟು ನಿಲ್ಲಬಹುದು."

"ನಿಂತಲ್ಲಿ ಯಾರಾದರೂ ಹೆಣೆದಿಟ್ಟಿರ್ತಾರೆ."

ಇದಕ್ಕೆ ಆಧಾರ ಎಲ್ಲಿ ಎಂದು ಕೇಳಬೇಕಿತ್ತು. ಕೇಳಲಿಲ್ಲ. ನೆನೆಹಾಕಿದ ಮಡಲಿನಿಂದ ಒಂದನ್ನು ಎಳೆದುಕೊಂಡು ಅವಳ ಪಕ್ಕದಲ್ಲಿ ನೆಲಕ್ಕೆ ಕೂತೆ. ಸದ್ದು ಕೋರೆಯಿಂದ ಗುಡ್ಡೆಗೆ, ಗುಡ್ಡೆಯಿಂದ ಕೋರೆಗೆ ಹೋಗಿಬರುತ್ತಿತ್ತು. ಅದು ಗುಡ್ಡೆ ದಾಟಿದಾಗೆಲ್ಲ ಇಬ್ಬರ ಕೈಯೂ ನಿಲ್ಲುತ್ತಿತ್ತು. ವಾಪಸು ಬಂದಾಗ ಮತ್ತೆ ಹೆಣೆಯುತ್ತಿದ್ದೆವು.

ನನ್ನ ತಟ್ಟಿ ಮುಗಿಯುವಾಗ ಒಂದು ಬದಿ ಅಗಲ, ಒಂದು ಬದಿ ಕಿರಿದು. ನಡುವೆ ಕೋಳಿ ದಾಟುವಷ್ಟು ಸಂದು. ಮಾವ್ಶಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಬಿಚ್ಚಲಿಲ್ಲ. ಅಂಗೈಯಿಂದ ಒಮ್ಮೆ ಸವರಿ, ರಾಶಿಯ ಮೇಲೆ ಇಟ್ಟಳು.